ಚಿರತೆ ಎಣಿಸಲು ಹೋದವರು ಜನರ ಮಾತಿಗೆ ಕಿವಿಗೊಟ್ಟದ್ದು



ಊರ ಪಕ್ಕದ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತು ಎಂದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ‘ಬೋನು ಇಡಿ’. ಬೋನಿನಲ್ಲಿ ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತಾರೆ. ಚಿರತೆ ಬೀಳುತ್ತದೆ. ಮರುದಿನ ಪತ್ರಿಕೆಯಲ್ಲಿ ಚಿತ್ರ, ಕೆಳಗೆ ‘ಗ್ರಾಮಸ್ಥರು ನಿಟ್ಟುಸಿರು ಬಿಟ್ಟರು’ ಎಂಬ ಸಾಲು. ಚಿರತೆಯನ್ನು ಎಲ್ಲೋ ದೂರದ ಕಾಡಿಗೆ ಸಾಗಿಸಿದರೆ ನಮ್ಮ ಪಾಲಿಗೆ ಕಥೆ ಮುಗಿಯಿತು. ಹಾಗೆ ಬಿಟ್ಟ ಮೇಲೆ ಏನಾಯಿತು ಎಂದು ಹಿಂದೆ ಬಿದ್ದು ಹೋದ ಒಬ್ಬ ವಿಜ್ಞಾನಿಯ ಕೆಲಸದ ಜಾಡಿನಲ್ಲೇ ಇವತ್ತು ಒಂದು ಅಧ್ಯಯನ ಶಾಖೆಯ ಚರಿತ್ರೆ ಹೇಳುತ್ತೇನೆ. ವನ್ಯಜೀವಿಯ ಜೊತೆಗೆ ಅದರ ನೆರೆಯಲ್ಲಿರುವ ಮನುಷ್ಯರನ್ನೂ, ಅವರಿಬ್ಬರ ಬಗ್ಗೆ ಸುದ್ದಿ ಬರೆಯುವವರನ್ನೂ ಅಭ್ಯಾಸ ಮಾಡುವ ಶಾಖೆ ಇದು.

ಚಿರತೆ ಎಂದೊಡನೆ ಕನ್ನಡ ಓದುಗರಿಗೆ ಜಿಮ್ ಕಾರ್ಬೆಟ್ ನೆನಪಾಗುತ್ತಾನೆ. ರುದ್ರಪ್ರಯಾಗದಲ್ಲಿ 125 ಜನರನ್ನು ಕೊಂದಿತೆಂದು ಸರ್ಕಾರಿ ಲೆಕ್ಕದಲ್ಲಿದ್ದ ಚಿರತೆಯನ್ನು ಆತ 1926ರಲ್ಲಿ ಹೊಡೆದ. ಆ ಕಥೆಯನ್ನೂ ಕೆನೆತ್ ಆಂಡರ್ಸನ್ನನ ಕಥೆಗಳನ್ನೂ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರು. ಮೂರು ತಲೆಮಾರು ಚಿರತೆಯನ್ನು ತಿಳಿದದ್ದು ಬಹುಮಟ್ಟಿಗೆ ಬೇಟೆಗಾರನ ಕಣ್ಣಿನಿಂದ. ಆ ಕಥೆಗಳಲ್ಲಿ ಹಳ್ಳಿಯವರು ಇರುತ್ತಾರೆ, ಆದರೆ ಹೆಚ್ಚಾಗಿ ಹೆದರಿದವರಾಗಿ, ಇಲ್ಲವೇ ಸತ್ತವರಾಗಿ.

ಹಳ್ಳಿಯವರನ್ನು ಕೂರಿಸಿಕೊಂಡು ‘ನಿಮಗೆ ಏನನ್ನಿಸುತ್ತದೆ?’ ಎಂದು ಕೇಳುವ ವಿಜ್ಞಾನ ತಡವಾಗಿ ಬಂತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಲರ್ಟ್ 1970ರ ದಶಕದ ಕೊನೆಯಲ್ಲಿ 3,000ಕ್ಕೂ ಹೆಚ್ಚು ಅಮೆರಿಕನ್ನರನ್ನು ಕಾಡುಪ್ರಾಣಿಗಳ ಬಗ್ಗೆ ಮಾತಾಡಿಸಿದರು. ಅವರ ಪ್ರೀತಿ, ಭಯ, ಲಾಭದ ಲೆಕ್ಕ, ಉದಾಸೀನ ಎಲ್ಲವನ್ನೂ ಬೇರೆಬೇರೆ ವರ್ಗವಾಗಿ ವಿಂಗಡಿಸಿದರು. ಸಮಾಜ ವಿಜ್ಞಾನ ವನ್ಯಜೀವಿ ಇಲಾಖೆಯ ಬಾಗಿಲು ತಟ್ಟಿದ್ದು ಆಗ.

ನಮ್ಮಲ್ಲಿ ಅದೇ ದಶಕದ ಚಿಂತೆ ಬೇರೆ ಇತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ. ಮೊದಲು ಘೋಷಿಸಿದ 9 ಹುಲಿ ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಬೇಟೆ ನಿಲ್ಲಬೇಕು, ಮರ ಕಡಿಯುವುದು ನಿಲ್ಲಬೇಕು, ದನ ಒಳಗೆ ಬರಬಾರದು. ಕೋವಿ ಹಿಡಿದವರಿಂದ ಹುಲಿಯನ್ನು ಉಳಿಸಲು ಅಂಥ ಬಿಗಿ ಆಗ ಬೇಕೇ ಇತ್ತು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಕಾಡಿನ ಅಂಚಿನ ಒಕ್ಕಲಿಗನೂ ಒಳಗಿದ್ದ ಜೇನುಕುರುಬನೂ ಆ ಯೋಜನೆಯ ಕಡತದಲ್ಲಿ ‘ಒತ್ತಡ’ ಎಂಬ ಒಂದೇ ತಲೆಬರಹದಡಿ ಸೇರಿಹೋದರು. 1980ರ ದಶಕದ ಆರಂಭದಲ್ಲಿ ಪರಿಸರ ವಿಜ್ಞಾನಿ ಆರ್. ಸುಕುಮಾರ್ ಚಾಮರಾಜನಗರ, ಸತ್ಯಮಂಗಲದ ಕಡೆ ಆನೆಗಳ ಅಧ್ಯಯನಕ್ಕೆ ಹೋದಾಗ ಕಾಡಿನ ಜೊತೆ ಹೊಲವನ್ನೂ ನೋಡಿದರು. ರಾಗಿಗೆ ನುಗ್ಗುವ ಆನೆಗಳಲ್ಲಿ ಗಂಡಿನ ಪಾಲು ಯಾಕೆ ಹೆಚ್ಚು, ಅಪಾಯವಿದ್ದರೂ ಯಾಕೆ ಬರುತ್ತವೆ ಎಂಬ ಪ್ರಶ್ನೆ ಎತ್ತಿದರು. ರೈತನ ನಷ್ಟ ವಿಜ್ಞಾನದ ವಿಷಯವಾದದ್ದು ಅಂಥ ಕೆಲಸಗಳಿಂದ.

ಈಗ ಜುನ್ನರ್‌ಗೆ ಬರೋಣ. ಪುಣೆ ಜಿಲ್ಲೆಯ ತಾಲ್ಲೂಕು ಅದು. ನೀರಾವರಿ ಬಂತು, ಕಬ್ಬು ಬಂತು, ಕಬ್ಬಿನೊಳಗೆ ಚಿರತೆ ಮರಿ ಹಾಕಿತು. ನಾನು ಮೊದಲಲ್ಲಿ ಹೇಳಿದ ವಿಜ್ಞಾನಿ ವಿದ್ಯಾ ಅತ್ರೇಯ ಅಲ್ಲಿಗೆ ಹೋದ ಹೊತ್ತಿಗೆ ಜುನ್ನರ್‌ನ ಹೆಸರು ಸುದ್ದಿಯಲ್ಲಿ ಕೆಟ್ಟುಹೋಗಿತ್ತು. ಚಿರತೆಗಳು ಮನುಷ್ಯರ ಮೇಲೆ ಬೀಳುತ್ತಿದ್ದವು. ಅರಣ್ಯ ಇಲಾಖೆ ಹಿಡಿದು ಹಿಡಿದು ದೂರದ ಕಾಡಿಗೆ ಬಿಡುತ್ತಿತ್ತು. ಹಿಡಿದ ಚಿರತೆಯ ಚರ್ಮದಡಿಗೆ ಅಕ್ಕಿಕಾಳಿನಷ್ಟು ಚಿಪ್ ಒಂದನ್ನು ಸೇರಿಸಿದರೆ ಮತ್ತೆ ಸಿಕ್ಕಾಗ ಇದು ಯಾವುದೆಂದು ತಿಳಿಯುತ್ತದೆ. ಅವರ ಕೆಲಸ ಅಂಥ ಸಣ್ಣ ಲೆಕ್ಕದಿಂದಲೇ ಶುರುವಾಯಿತು. ಜೊತೆಗೆ ಇಲಾಖೆಯ ಹಳೆಯ ದಾಖಲೆಗಳನ್ನು ಕೆದಕಿದರು. 2001ರ ಫೆಬ್ರವರಿಗೆ ಮುಂಚೆ ಜುನ್ನರ್ ಭಾಗದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ. ದೊಡ್ಡ ಪ್ರಮಾಣದಲ್ಲಿ ಹಿಡಿದು ಸಾಗಿಸುವುದು ಶುರುವಾದ ಮೇಲೆ ಸರಾಸರಿ 17.

ಅಂದರೆ ಔಷಧವೇ ರೋಗವನ್ನು ಹೆಚ್ಚಿಸಿತ್ತು. ಯಾಕೆ ಹೀಗೆ? ಚಿರತೆಗೆ ತನ್ನದೇ ಸರಹದ್ದು ಇರುತ್ತದೆ. ಎಲ್ಲಿ ನೀರು, ಯಾವ ಮನೆಯ ಹಿಂದೆ ನಾಯಿ, ಯಾವ ಹೊತ್ತಿನಲ್ಲಿ ಮನುಷ್ಯ ಓಡಾಡುವುದಿಲ್ಲ, ಎಲ್ಲ ಅದಕ್ಕೆ ಗೊತ್ತು. ಅದನ್ನು ಕಿತ್ತು ಗುರುತಿಲ್ಲದ ಕಡೆ ಬಿಟ್ಟರೆ ಅದು ದಿಕ್ಕೆಡುತ್ತದೆ, ಇಲ್ಲವೇ ಹಳೆಯ ಜಾಗಕ್ಕೆ ಮರಳಲು ಹೊರಡುತ್ತದೆ. ಖಾಲಿಯಾದ ಜಾಗಕ್ಕೆ ಊರಿನ ರೀತಿನೀತಿ ತಿಳಿಯದ ಇನ್ನೊಂದು ಚಿರತೆ ಬರುತ್ತದೆ. ಈ ಲೆಕ್ಕವೆಲ್ಲ ಪ್ರಬಂಧವಾಗಿ ಪ್ರಕಟವಾದದ್ದು 2011ರಲ್ಲಿ. ಬೆಂಗಳೂರಿನ ಹುಲಿ ತಜ್ಞ ಉಲ್ಲಾಸ ಕಾರಂತರೂ ಅದರ ಲೇಖಕರಲ್ಲಿ ಒಬ್ಬರು. ಅದೇ ವರ್ಷ ಕೇಂದ್ರ ಪರಿಸರ ಸಚಿವಾಲಯ ಚಿರತೆ ಸಂಘರ್ಷದ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿತು.

ಜುನ್ನರ್‌ನಿಂದ ಅತ್ರೇಯ ಅಹಮದ್‌ನಗರ ಜಿಲ್ಲೆಯ, ಈಗಿನ ಅಹಿಲ್ಯಾನಗರದ, ಅಕೋಲೆಗೆ ಹೋದರು. ಅಲ್ಲಿ ಕಣಿವೆಯ ತುಂಬ ಹೊಲಗದ್ದೆ. ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನ. ಕ್ಯಾಮೆರಾ ಇಟ್ಟು ನೋಡಿದರೆ 100 ಚದರ ಕಿಲೋಮೀಟರಿಗೆ ಸುಮಾರು 5 ವಯಸ್ಕ ಚಿರತೆಗಳು, ಅಷ್ಟೇ ಕತ್ತೆಕಿರುಬಗಳು. ಹಿಕ್ಕೆ ಪರೀಕ್ಷೆ ಮಾಡಿದಾಗ ತಿಂದದ್ದರಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿ, ಅದರಲ್ಲೂ ನಾಯಿಯದೇ 39 ಪಾಲು. ಇಷ್ಟಾದರೂ ಆಗ ಅಲ್ಲಿ ಮನುಷ್ಯರ ಮೇಲೆ ದಾಳಿ ತೀರ ವಿರಳವಾಗಿತ್ತು. ಕಾಡಿನಿಂದ ದಾರಿ ತಪ್ಪಿ ಬಂದ ಪ್ರಾಣಿ ಎಂಬ ವಿವರಣೆ ಇಲ್ಲಿ ನಿಲ್ಲಲಿಲ್ಲ. ಅವು ಆ ಹೊಲಗಳಲ್ಲೇ ಹುಟ್ಟಿ ಬೆಳೆದ ಚಿರತೆಗಳು.

ಹಾಗಾದರೆ ಜನ ಹೇಗೆ ಸಹಿಸಿಕೊಂಡಿದ್ದಾರೆ? ಈ ಪ್ರಶ್ನೆಗೆ ಕ್ಯಾಮೆರಾ ಉತ್ತರ ಕೊಡದು. ಆಗ ಸಂಶೋಧಕರ ಗುಂಪಿನಲ್ಲಿ ಜೀವವಿಜ್ಞಾನ ಓದದವರೂ ಸೇರಿದರು. ಸುನೇತ್ರೊ ಘೋಷಾಲ್ ಹಳ್ಳಿಗರೊಂದಿಗೆ ಕೂತು ಚಿರತೆ ಜೊತೆಗಿನ ಅವರ ಸಂಬಂಧ ಎಂಥದೆಂದು ಕೇಳಿಸಿಕೊಂಡರು. ಅಲ್ಲಿ ವಾಘೋಬಾ ಎಂಬ ದೇವರಿದ್ದಾನೆ. ಹುಲಿ ಚಿರತೆ ಎರಡೂ ಅವನೇ. ಅವನಿಗೆ ಗುಡಿ ಇದೆ, ಹರಕೆ ಇದೆ. ವಾರ್ಲಿ ಜನರ ವಾಘೋಬಾ ಕುರಿತು ರಮ್ಯಾ ನಾಯರ್ ಮತ್ತು ಸಂಗಡಿಗರು 2021ರಲ್ಲಿ ಪ್ರಬಂಧ ಬರೆದಿದ್ದಾರೆ. ಹುಲಿಯ ಮೇಲೆ ಕೂತ ಮಾದೇಶ್ವರನನ್ನು ಹಾಡುವ, ಪಿಲಿಚಾಮುಂಡಿಗೆ ಕೋಲ ಕಟ್ಟುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಎಚ್ಚರಿಕೆ ಇರಲಿ. ದೇವರಿದ್ದಾನೆಂದು ನಷ್ಟ ನೋವಲ್ಲದೆ ಹೋಗುವುದಿಲ್ಲ. ಹರಕೆ ಹೊತ್ತವನೂ ಸತ್ತ ಕರುವಿಗೆ ಪರಿಹಾರ ಕೇಳಿಯೇ ಕೇಳುತ್ತಾನೆ, ಕೇಳಬೇಕು ಕೂಡ.

ನಡುವೆ ಅಜೋಬಾನ ಕಥೆ ಹೇಳದೆ ಮುಂದೆ ಹೋಗಲಾರೆ. ಮರಾಠಿಯಲ್ಲಿ ಅಜೋಬಾ ಎಂದರೆ ಅಜ್ಜ. 2009ರಲ್ಲಿ ಬಾವಿಗೆ ಬಿದ್ದಿದ್ದ ಗಂಡು ಚಿರತೆಯೊಂದನ್ನು ಎತ್ತಿ, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅದು ಹೆದ್ದಾರಿ ದಾಟಿ, ರೈಲು ಹಳಿ ದಾಟಿ, ಸುಮಾರು 120 ಕಿಲೋಮೀಟರ್ ನಡೆದು ಮುಂಬೈ ಅಂಚಿಗೆ ಬಂತು. ದಾರಿಯಲ್ಲಿ ಒಬ್ಬರನ್ನೂ ಮುಟ್ಟಲಿಲ್ಲ. 2011ರಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 2014ರಲ್ಲಿ ಅದೇ ಹೆಸರಿನ ಮರಾಠಿ ಚಲನಚಿತ್ರ ಬಂತು, ಸಂಶೋಧಕಿಯ ಪಾತ್ರದಲ್ಲಿ ಊರ್ಮಿಳಾ ಮಾತೋಂಡ್ಕರ್. ಹತ್ತು ಪ್ರಬಂಧ ತಲುಪದ ಕಡೆಗೆ ಒಂದು ಅಜ್ಜನ ಕಥೆ ತಲುಪಿತು.

ಮುಂಬೈಯಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ಘಟ್ಟ. ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು (ಎಸ್‌ಜಿಎನ್‌ಪಿ) ನಗರ ಮೂರು ಕಡೆಯಿಂದ ಒತ್ತಿಕೊಂಡಿದೆ. 2004ರಲ್ಲಿ ಸರಣಿ ದಾಳಿಗಳು ನಡೆದಾಗ ಪತ್ರಿಕೆಗಳು ಬೆಂಕಿ ಉಗುಳಿದವು. ಜನ ಕೂಗಿದರು, ಬೋನುಗಳು ಬಂದವು. 2011ರಲ್ಲಿ ಉದ್ಯಾನದ ನಿರ್ದೇಶಕರಾಗಿದ್ದ ಸುನೀಲ್ ಲಿಮಯೆ ಮತ್ತು ವಿದ್ಯಾ ಅತ್ರೇಯ ಬೇರೆ ದಾರಿ ಹಿಡಿದರು. ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಎಂಬ ಯೋಜನೆಯಡಿ ಪತ್ರಕರ್ತರನ್ನು ಕರೆದು ಕೂರಿಸಿಕೊಂಡರು. ಚಿರತೆ ಕಾಣಿಸಿದ್ದನ್ನೂ ದಾಳಿ ಮಾಡಿದ್ದನ್ನೂ ಒಂದೇ ಮಾಡಿ ಬರೆಯಬೇಡಿ, ಬೋನು ಇಟ್ಟರೆ ಏನಾಗುತ್ತದೆಂದು ಜುನ್ನರ್‌ನ ಅಂಕಿ ನೋಡಿ, ಕಸದ ರಾಶಿಗೆ ನಾಯಿ, ನಾಯಿಗೆ ಚಿರತೆ ಬರುವ ಸರಣಿಯನ್ನು ಬರೆಯಿರಿ ಎಂದರು. ಪೊಲೀಸರಿಗೆ ಗುಂಪು ಚದುರಿಸುವ ಪಾಠ. ಸಲೋನಿ ಭಾಟಿಯಾ ಮತ್ತು ಸಂಗಡಿಗರು ಚಿರತೆ ಕುರಿತ ಪತ್ರಿಕಾ ವರದಿಗಳನ್ನೇ ಓದಿ ವಿಶ್ಲೇಷಿಸಿ 2013ರಲ್ಲಿ ಪ್ರಬಂಧ ಬರೆದರು. ಸುದ್ದಿಮನೆಯೇ ಸಂಶೋಧನೆಯ ಕ್ಷೇತ್ರವಾಯಿತು! 2015ರಲ್ಲಿ ಸಂಶೋಧಕ ನಿಕಿತ್ ಸುರ್ವೆ ಎಣಿಸಿದಾಗ ಆ ಕಾಡು ಮತ್ತು ಅಂಚಿನಲ್ಲಿ 35 ಚಿರತೆ ಸಿಕ್ಕವು. ಆ ಸಂಖ್ಯೆ ಕೇಳಿ ನಗರವೇನೂ ಬೀದಿಗಿಳಿಯಲಿಲ್ಲ. 2021ರಲ್ಲಿ ಉದ್ಯಾನದ ಅಂಚಿನ ಆರೆ ಕಾಲೊನಿಯಲ್ಲಿ ಮತ್ತೆ ದಾಳಿಗಳಾದವು ಎಂಬುದನ್ನೂ ಮುಚ್ಚಿಡಬಾರದು. ಇದು ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವ ಕೆಲಸವಲ್ಲ.

ನಮ್ಮ ರಾಜ್ಯಕ್ಕೂ ಈ ಎಳೆ ಬಂದಿದೆ. 2015ರಲ್ಲಿ ಅತ್ರೇಯ, ಕೃತಿ ಕಾರಂತ ಮೊದಲಾದ ಸಂಶೋಧಕರು ಪತ್ರಿಕಾ ವರದಿಗಳನ್ನೇ ಆಧಾರ ಮಾಡಿಕೊಂಡು ಕರ್ನಾಟಕದಲ್ಲಿ ರಕ್ಷಿತಾರಣ್ಯದ ಹೊರಗೆ ಚಿರತೆ ಎಲ್ಲೆಲ್ಲಿದೆ ಎಂದು ನೋಡಿದರು. ಅವರು ಗಮನಿಸಿದ ಪ್ರದೇಶದ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಚಿರತೆ ಇತ್ತು. ಅದೇ ವರ್ಷ ಕೃತಿ ಕಾರಂತರ ‘ವೈಲ್ಡ್ ಸೇವೆ’ ಬಂಡೀಪುರ, ನಾಗರಹೊಳೆ ಸುತ್ತ ಶುರುವಾಯಿತು. ಬೆಳೆಯೋ ದನವೋ ಹೋದ ರೈತ ಫೋನ್ ಮಾಡಿದರೆ ಪರಿಹಾರದ ಅರ್ಜಿ ತುಂಬಲು ಒಬ್ಬರು ಮನೆಗೇ ಬರುತ್ತಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಂಶೋಧಕ ಆನಂದಕುಮಾರ್ ಅವರ ಗುಂಪು ಆನೆ ಎಲ್ಲಿದೆಯೆಂದು ಮೊಬೈಲ್ ಸಂದೇಶ, ಟಿ.ವಿ.ಯ ಕೆಳಸಾಲು, ಕೆಂಪು ದೀಪಗಳ ಮೂಲಕ ತೋಟದ ಕಾರ್ಮಿಕರಿಗೆ ತಿಳಿಸುವ ವ್ಯವಸ್ಥೆ ಕಟ್ಟಿತ್ತು. ಅಂಥದು ನಮ್ಮ ಹಾಸನಕ್ಕೂ ಬಂತು.

ಆದರೆ 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಹೊರಗೆ ನೆರೆದದ್ದು ಜಾತ್ರೆಯಂಥ ಜನ. ಹಿಡಿಯಲು ನೆರವಾಗಲು ಹೋದ ಚಿರತೆ ತಜ್ಞ ಸಂಜಯ್ ಗುಬ್ಬಿಯವರೇ ಗಾಯಗೊಂಡರು. 2022ರ ಕೊನೆ, 2023ರ ಮೊದಲಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳು ನಾಲ್ಕು ಜೀವ ತೆಗೆದವು. ಮೈಸೂರಿಗೆ ಚಿರತೆ ಕಾರ್ಯಪಡೆ ಬಂತು. ಮನುಷ್ಯರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ದಾಟಿದ್ದಕ್ಕೇ ಒಂದು ಚಿರತೆಯನ್ನು ಹಿಡಿದು ಇನ್ನೊಂದು ಊರಿನ ಬಾಗಿಲಿಗೆ ಬಿಡುವುದು ಆ ಊರಿನವರಿಗೆ ಮಾಡುವ ಅನ್ಯಾಯ.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ವಿನಂತಿ. ಚಿರತೆ ಕಂಡರೆ ಮೊಬೈಲ್ ಹಿಡಿದು ಹಿಂದೆ ಓಡಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಕುರಿ ಮೇಕೆಗಳನ್ನು ಬಾಗಿಲಿರುವ ಕೊಟ್ಟಿಗೆಯಲ್ಲಿ ಕಟ್ಟಿ. ಇಷ್ಟರ ಮೇಲೂ ಬೋನು ಬೇಕೆಂದು ಪಂಚಾಯಿತಿಯಲ್ಲಿ ಒತ್ತಾಯ ಬಂದರೆ, ಹಿಡಿದದ್ದನ್ನು ಎಲ್ಲಿ ಬಿಡುತ್ತೀರಿ ಎಂದು ಅಧಿಕಾರಿಗಳನ್ನು ಕೇಳಿ.