ಕಾಡಂಚಿನ ಗೆರೆ

ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟರೆ, ಹಂಗಳ ದಾಟಿದ ಮೇಲೆ ಹೊಲಗಳು ಮುಗಿದು ಬಂಡೀಪುರದ ಕಾಡು ಎದುರಾಗುತ್ತದೆ. 1931ರಲ್ಲಿ, ಮೈಸೂರು ಅರಸರ ಕಾಲದಲ್ಲಿ, ಇಲ್ಲಿನ 90 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಗಳಿಗೆಂದು ಕಾಯ್ದಿರಿಸಲಾಯಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು.

ಕಾಡಿನ ಅಂಚಿಗೆ ರೆಸಾರ್ಟುಗಳು ಬಂದವು. ಬೇಲಿ, ದೀಪ, ಸದ್ದು ಹೆಚ್ಚಿದಷ್ಟೂ ಆನೆಗಳ ದಾರಿ ಕಿರಿದಾಗುತ್ತದೆ. ದಾರಿ ತಪ್ಪಿದ ಆನೆ ನುಗ್ಗುವುದು ಬಡ ರೈತನ ಹೊಲಕ್ಕೆ. 2012ರಲ್ಲಿ ಕೇಂದ್ರ ಸರ್ಕಾರ ಕಾಡಿನ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿದ್ದು ಇಂಥ ಒತ್ತಡ ತಡೆಯಲೆಂದೇ. ಇನ್ನು ಬಂಡೀಪುರದಂಥ ರಾಷ್ಟ್ರೀಯ ಉದ್ಯಾನದ ಗಡಿಯನ್ನೇ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕೆಂದು ಕಾನೂನೇ ಹೇಳುತ್ತದೆ.

ಹಾಗೆಂದು ಪ್ರವಾಸಿಗರು ಬರಲೇಬಾರದೆ?

ಇದೇ ಕಾಡಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇ ನೋಡಿ. ಖಾಸಗಿ ವಾಹನಗಳು ತಪ್ಪಲಲ್ಲೇ ನಿಲ್ಲುತ್ತವೆ, ಭಕ್ತರು ಸಾರಿಗೆ ಬಸ್ಸಿನಲ್ಲಿ ಮೇಲೇರುತ್ತಾರೆ. ದೇವರ ದರ್ಶನವೂ ಆಗುತ್ತದೆ, ಬೆಟ್ಟದ ಮೇಲೆ ಕಾರುಗಳ ಸಾಲೂ ಇರುವುದಿಲ್ಲ. ಗಡಿ ಸಡಿಲಿಸದೆಯೂ ಪ್ರವಾಸೋದ್ಯಮ ನಡೆಯುತ್ತದೆ ಎಂಬುದಕ್ಕೆ ಇಲ್ಲೇ ಇರುವ ಸಾಕ್ಷಿಯಿದು.

ಕಾಡಂಚಿನ ಯಾವುದೇ ಯೋಜನೆ ಗ್ರಾಮಸಭೆಯ ಮುಂದೆ ಬಂದಾಗ, ಊರಿನವರು ತಪ್ಪದೆ ಹೋಗಿ ಕೇಳಲಿ, ಮಾತಾಡಲಿ.