ತಾಯಿಯ ದಿನವೋ, ತಾಯಂದಿರ ದಿನವೋ

ಮೇ ತಿಂಗಳ ಎರಡನೆಯ ಭಾನುವಾರವನ್ನು ನಾವು ಕನ್ನಡದಲ್ಲಿ ‘ತಾಯಂದಿರ ದಿನ’ ಎನ್ನುತ್ತೇವೆ. ಈ ಬಹುವಚನವನ್ನು ಆ ದಿನವನ್ನು ಬಳಕೆಗೆ ತಂದ ಮಹಿಳೆಯೇ ಒಪ್ಪುತ್ತಿರಲಿಲ್ಲ. ಅದು ಏಕವಚನದಲ್ಲಿಯೇ ಇರತಕ್ಕದ್ದೆಂದು ಅಮೆರಿಕದ ಅನ್ನಾ ಜಾರ್ವಿಸ್ ಹಟ ಹಿಡಿದಿದ್ದರು. ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬಳೇ ತಾಯಿಯನ್ನು ನೆನೆಯಬೇಕೆಂಬುದು ಅವರ ಆಶಯ. ಆದರೆ ಕೋಲಾರದ ಚಿನ್ನದ ಗಣಿಗಳ ಲೈನುಮನೆಯಲ್ಲಿ ಬೆಳೆದು, ಈಗ ಬಂಗಾರಪೇಟೆಯಲ್ಲಿ ನೆಲೆಸಿರುವ ನನಗೆ ಕನ್ನಡದ ಬಹುವಚನವೇ ಹೆಚ್ಚು ಸರಿಯಾಗಿ ಕಾಣುತ್ತದೆ. ಅದಕ್ಕೆ ಕಾರಣವನ್ನು ನಿಮ್ಮ ಮುಂದಿಡುವುದೇ ಈ ಮಾತುಗಳ ಉದ್ದೇಶ.

ತಾಯಿಗೆಂದು ಒಂದು ದಿನವನ್ನು ಮೀಸಲಿಡುವುದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ನಾಲ್ಕನೆಯ ಭಾನುವಾರ, ದೊಡ್ಡ ಮನೆಗಳಲ್ಲಿ ದುಡಿಯುವ ಎಳೆಯರಿಗೆ ತಾಯಿಯನ್ನು ಕಂಡುಬರಲು ರಜೆ ಕೊಡುವ ವಾಡಿಕೆಯಿತ್ತು. ನಮ್ಮ ಗೌರಿಹಬ್ಬದಲ್ಲಿ ಗೌರಿ ತವರಿಗೆ ಬರುತ್ತಾಳೆ. ಮರುದಿನ ಅವಳನ್ನು ಕರೆದೊಯ್ಯಲು ಗಣಪ ಬರುತ್ತಾನೆ. ಮೊರದ ಬಾಗಿನವು ತಾಯಿ ಮಗಳ ನಡುವಿನ ದಾರಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದಿಡುತ್ತದೆ. ಪಿತೃಪಕ್ಷದ ಅವಿಧವಾ ನವಮಿಯಂದು, ಮುತ್ತೈದೆಯಾಗಿ ತೀರಿಕೊಂಡ ತಾಯಿಯನ್ನು ಮಕ್ಕಳು ನೆನೆಯುತ್ತಾರೆ. ಇವೆಲ್ಲವೂ ಏಕವಚನದ ದಿನಗಳೇ. ಅವರವರ ತಾಯಿ ಅವರವರಿಗೆ.

ಅಮೆರಿಕದ ಕಥೆ ಮಾತ್ರ ಬಹುವಚನದಿಂದಲೇ ಆರಂಭವಾಯಿತು. ಅನ್ನಾ ಅವರ ತಾಯಿ ಆ್ಯನ್ ರೀವ್ಸ್ ಜಾರ್ವಿಸ್ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರು. ಅವರಲ್ಲಿ ಬೆಳೆದು ದೊಡ್ಡವರಾದವರು ನಾಲ್ವರು. ಈ ದುಃಖವನ್ನು ಆಕೆ ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. 1858ರಲ್ಲಿ, ಈಗ ಪಶ್ಚಿಮ ವರ್ಜೀನಿಯ ಎನಿಸಿಕೊಂಡಿರುವ ಗುಡ್ಡಗಾಡಿನಲ್ಲಿ ತಾಯಂದಿರ ಸಂಘಗಳನ್ನು ಕಟ್ಟಿದರು. ಊರಿನ ಕೊಳಕನ್ನು ನೀಗುವುದು, ಶಿಶುಗಳ ಸಾವನ್ನು ತಗ್ಗಿಸುವುದು ಆ ಸಂಘಗಳ ಕೆಲಸ. ಆಕೆ 1905ರಲ್ಲಿ ತೀರಿಕೊಂಡ ಮೇಲೆ, 1908ರ ಮೇ 10ರಂದು ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಮಗಳು ಅಲ್ಲಿಗೆ 500 ಬಿಳಿಯ ಕಾರ್ನೇಷನ್ ಹೂಗಳನ್ನು ಕಳುಹಿಸಿದಳು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ಇಡೀ ರಾಷ್ಟ್ರದ ದಿನವೆಂದು ಸಾರಿದರು.

ಆ ಸೀಮೆಯೂ ಗಣಿಯ ಸೀಮೆಯೇ. ಅದೇ ಗುಡ್ಡಗಳ ನಡುವಣ ಮೊನೊಂಗಾ ಕಲ್ಲಿದ್ದಲ ಗಣಿಯಲ್ಲಿ 1907ರ ಡಿಸೆಂಬರ್ 6ರಂದು ಸ್ಫೋಟವಾಗಿ 360ಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಗಂಡಸರು ನೆಲದ ಕೆಳಗೆ, ಹೆಂಗಸರು ನೆಲದ ಮೇಲೆ ಕಾಯುತ್ತ ಕುಳಿತಿರುವ ಆ ಬಾಳು ನಮಗೆ ಪರಕೀಯವಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತು; ಲೈನುಮನೆಗಳ ಪಾತ್ರೆಗಳು ಮೇಲೆ ಗಲಗಲನೆ ಅಲುಗುತ್ತಿದ್ದವು. ನಾನು ಹುಡುಗನಾಗಿದ್ದಾಗ ಅಂಥ ಒಂದು ರಾತ್ರಿ ಎಲ್ಲ ಮನೆಗಳ ಹೆಂಗಸರೂ ಬೀದಿಗೆ ಬಂದು ನಿಂತರು. ಯಾವ ಶಾಫ್ಟು, ಯಾರ ಮನೆಯವರು ಎಂಬುದು ಯಾರಿಗೂ ತಿಳಿಯದು. ನನ್ನ ತಂದೆಯೂ ಅಂದು ರಾತ್ರಿ ಷಿಫ್ಟಿಗೆ ಹೋಗಿದ್ದರು. ಅಮ್ಮ ಶಾಫ್ಟಿನ ಕಡೆ ಓಡಿದರು. ಪಕ್ಕದ ಮನೆಯ ತಮಿಳು ತಾಯಿ ನನ್ನನ್ನೂ ತಂಗಿಯನ್ನೂ ಒಳಗೆ ಕರೆದು, ತಮ್ಮ ಮಕ್ಕಳ ಸಾಲಿನಲ್ಲಿಯೇ ಕೂರಿಸಿ ಅನ್ನ ಬಡಿಸಿದರು. ಅವರ ಗಂಡನೂ ಅದೇ ಷಿಫ್ಟಿನಲ್ಲಿದ್ದಾರೆಂದು ನನಗೆ ಗೊತ್ತಾದದ್ದು ಬೆಳಗ್ಗೆ, ಇಬ್ಬರೂ ಜೊತೆಯಾಗಿ ನಡೆದು ಬಂದಾಗ. ‘ಅಮ್ಮ’ ಎಂಬುದು ಕನ್ನಡ, ತಮಿಳು, ತೆಲುಗು ಮೂರಕ್ಕೂ ಸೇರಿದ ಮಾತು. ನಮ್ಮ ಲೈನಿನಲ್ಲಿ ಒಂದು ಮಗು ಹಾಗೆಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತಿದ್ದವು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈಗ ಕಾಯುವ ಕೆಲಸ ಮಕ್ಕಳ ಪಾಲಿಗೆ ಬಂದಿದೆ. ಮರಿಕುಪ್ಪದಿಂದ ಹೊರಟು ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಮುಂಜಾವಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ನಡುವೆ ಎಷ್ಟೋ ಮಂದಿ ತಾಯಂದಿರಿದ್ದಾರೆ. ಮಕ್ಕಳು ಏಳುವ ಮುನ್ನ ಮನೆ ಬಿಟ್ಟವರು, ಕತ್ತಲಾದ ಮೇಲೆ ಮರಳುವವರು. ಅತ್ತ ಗಾಳಿಯ ಕಾಲದಲ್ಲಿ ಸಯನೈಡ್ ಗುಡ್ಡಗಳ ಪುಡಿಮಣ್ಣು ಲೈನುಮನೆಗಳ ಮೇಲೆ, ಒಣಗಹಾಕಿದ ಬಟ್ಟೆಗಳ ಮೇಲೆ ಬಂದು ಬೀಳುತ್ತದೆ. ಆ್ಯನ್ ರೀವ್ಸ್ ಇಲ್ಲಿಗೆ ಬಂದಿದ್ದರೆ ಮೊದಲು ಆ ಧೂಳಿನ ವಿಚಾರವನ್ನೇ ಕೇಳುತ್ತಿದ್ದರೇನೋ.

ಮಗಳು ಅನ್ನಾ ತಾನೇ ಮೊದಲುಮಾಡಿದ ಹಬ್ಬವನ್ನು ಹೂವಿನ ವ್ಯಾಪಾರಿಗಳೂ ಕಾರ್ಡು ಮಾರುವವರೂ ವಶಪಡಿಸಿಕೊಂಡದ್ದನ್ನು ಕಂಡು, ಅದರ ವಿರುದ್ಧವೇ ಹೋರಾಡುತ್ತ 1948ರಲ್ಲಿ ತೀರಿಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹಬ್ಬವು ಒಂದೊಂದು ಮನೆಯ ಹೊಸಿಲೊಳಗೇ ಉಳಿದದ್ದರಿಂದಲೇ ಅಂಗಡಿಯವರಿಗೆ ಅದು ಅಷ್ಟು ಸುಲಭವಾಗಿ ಒದಗಿತೋ ಏನೋ. ಬಹುವಚನದ ಋಣವನ್ನು ಹೂವಿನಿಂದ ತೀರಿಸಲಾಗದು.

ತಾಯಂದಿರ ದಿನ ಭಾನುವಾರ ಬರುತ್ತದೆ. ಅಂದು ಎಷ್ಟೋ ತಾಯಂದಿರು ಮನೆಯಲ್ಲಿಯೇ ಇರುತ್ತಾರೆ. ಸೋಮವಾರ ನಸುಕಿನಲ್ಲಿ ರೈಲು ಹೊರಟ ಮೇಲೆ, ಹಿಂದೆ ಉಳಿದ ಮಗುವಿನ ತಲೆ ಬಾಚಿ ಶಾಲೆಗೆ ಕಳುಹಿಸುವವರು ಯಾರು ಎಂದು ನಾನು ಪ್ಲಾಟ್‌ಫಾರಂ ಮೇಲೆ ನಿಂತು ಯೋಚಿಸುತ್ತೇನೆ. ಪಕ್ಕದ ಮನೆಯ ಬಾಗಿಲು ಈಗಲೂ ತೆರೆಯುತ್ತಿದ್ದರೆ, ಕನ್ನಡದ ಆ ಬಹುವಚನಕ್ಕೆ ಇನ್ನೂ ಅರ್ಥವಿದೆ.