ಉಪಕಾರ ಸ್ಮರಣೆ



ನಂಜನಗೂಡನ್ನು ಹಾದುಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಕಪಿಲೆಯ ಹೆಸರಿಲ್ಲ. 1974ರಿಂದ ಬೆಂಗಳೂರಿಗೆ ಹೋಗುತ್ತಿರುವುದು ಈ ಸಂಗಮದ ಕೆಳಗಡೆ ಎತ್ತಿದ ನೀರು; ಅದರಲ್ಲಿ ನಮ್ಮ ಕಪಿಲೆಯೂ ಇದ್ದಾಳೆ. ಕುಡಿಯುವವರು ಮಾತ್ರ ‘ಕಾವೇರಿ ನೀರು’ ಎನ್ನುತ್ತಾರೆ. ನದಿಗೆ ಅದರಿಂದ ನೋವಿಲ್ಲ, ಮನುಷ್ಯನಿಗೆ ಉಂಟು.

ನನ್ನ ಬಾಲ್ಯದಲ್ಲಿ ಉಪದೇಶಿಗಳೊಬ್ಬರು ಸಂಜೆಯ ಹೊತ್ತು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದು ಜಪಗಳನ್ನು ಕಲಿಸುತ್ತಿದ್ದರು. ಜಪದೊಡನೆ ಕಾಗುಣಿತವನ್ನೂ ತಿದ್ದಿಸಿದರು. ಆ ಅಕ್ಷರಗಳಿಂದಲೇ ನಾನು ಉದ್ಯೋಗಸ್ಥನಾದೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ದೇವಾಲಯದ ಮುಂದೆ ಅವರು ಕಾಣುತ್ತಿದ್ದರು; ಕೈಮುಗಿದು ಮುಂದೆ ನಡೆಯುತ್ತಿದ್ದೆ. ಅವರನ್ನು ಮಣ್ಣು ಮಾಡಿದ ದಿನ ಅವರ ಉಪಕಾರವನ್ನು ಕುರಿತು ದೀರ್ಘವಾಗಿ ಮಾತನಾಡಿದೆ. ಎಲ್ಲರೂ ಚದುರಿದ ಮೇಲೆ ಅವರ ಮಗಳು ಹತ್ತಿರ ಬಂದು, “ಇದನ್ನು ಅಪ್ಪನ ಎದುರಿಗೆ ಒಂದು ದಿನ ಹೇಳಬಹುದಿತ್ತಲ್ಲಣ್ಣ” ಎಂದಳು. ಅದಕ್ಕೆ ಉತ್ತರ ಇಂದಿಗೂ ನನ್ನಲ್ಲಿಲ್ಲ.

ನಂಜನಗೂಡಿನ ಶ್ರೀಕಂಠೇಶ್ವರ ದೇಗುಲದ ಪಚ್ಚೆಯ ಲಿಂಗದ ಕಥೆ ನಿಮಗೆಲ್ಲ ತಿಳಿದದ್ದೇ. ಕಣ್ಣು ಕಳೆದುಕೊಂಡಿದ್ದ ಪಟ್ಟದಾನೆಗೆ ದೃಷ್ಟಿ ಮರಳಿತೆಂದು ಟಿಪ್ಪು ಸುಲ್ತಾನನು ಅದನ್ನು ಅರ್ಪಿಸಿ, ‘ಹಕೀಮ ನಂಜುಂಡ’ ಎಂದು ಕರೆದನೆಂಬುದು ಪ್ರತೀತಿ. ಹಕೀಮನೆಂದರೆ ವೈದ್ಯ. ತಾನು ಪಡೆದದ್ದೇನೆಂಬುದನ್ನು ಆ ಒಂದೇ ಶಬ್ದದಲ್ಲಿ ಹೇಳಿದಂತಾಯಿತು. ಸಂತ ಲೂಕರ ಶುಭಸಂದೇಶದಲ್ಲಿಯೂ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ; ಅವನೂ ಹೊರಗಿನವನೆನಿಸಿಕೊಂಡ ಸಮಾರ್ಯದವನು. ಒಳಗಿನವರಾದ ನಮಗೇ ಈ ಮರೆವು ಹೆಚ್ಚೇನೋ!

“ಮನೆಯವರಿಗೆ, ನೆರೆಯವರಿಗೆ ಧನ್ಯವಾದ ಹೇಳುವುದುಂಟೇ?” ಎಂದು ಕೇಳುವಿರಿ. ಆ ಶಬ್ದ ವೇದಿಕೆಯದು, ನಿಜ. ನನಗೂ ಅದು ಬಾಯಿಗೆ ಬಾರದು. ಆದರೆ ನಮ್ಮ ಅಜ್ಜಿಯರು ಒಂದು ಲೋಟ ನೀರು ಕೊಟ್ಟವರಿಗೂ “ನಿನ್ನ ಹೊಟ್ಟೆ ತಣ್ಣಗಿರಲಿ” ಎನ್ನುತ್ತಿದ್ದರಲ್ಲ! ಆ ಮಾತನ್ನು ಯಾರೂ ನಮ್ಮಿಂದ ಕಸಿದುಕೊಂಡಿಲ್ಲ. ನಾವೇ ಆಡುವುದನ್ನು ಬಿಟ್ಟಿದ್ದೇವೆ.

ಇನ್ನು ಕೆಲವೇ ನಿಮಿಷಗಳಲ್ಲಿ ವಂದನಾರ್ಪಣೆ. ದಾನಿಗಳ ಹೆಸರುಗಳು ಪಟ್ಟಿಯಲ್ಲಿವೆ, ಇರಬೇಕಾದದ್ದೇ. ನಸುಕಿನಿಂದ ಒಲೆಯ ಮುಂದಿರುವ ತಾಯಂದಿರು, ಶನಿವಾರ ಶನಿವಾರ ಈ ದೇವಾಲಯವನ್ನು ಗುಡಿಸಿ ಸಾರಿಸುವ ತಾಯಿ ಆ ಪಟ್ಟಿಯಲ್ಲಿಲ್ಲ. ಊಟಕ್ಕೆ ಕೂರುವ ಮುನ್ನ ನಾನು ಅಡುಗೆಮನೆಯ ಬಾಗಿಲಿಗೆ ಹೋಗುವವನಿದ್ದೇನೆ. ಬರುವವರು ಬನ್ನಿರಿ.